'ಬಂಡೆ ಗಟ್ಟಿ ಇದೆ' ಅಂದರೆ ಸಾಲದು, ಪದರ ಯಾವ ಕಡೆ ವಾಲಿದೆ ಹೇಳಿ

ಅಣೆಕಟ್ಟು, ಸುರಂಗ, ಘಾಟಿ ರಸ್ತೆ ಯಾವುದೇ ಇರಲಿ, ಯೋಜನೆಯ ಪರ ಇರುವವರು ಒಂದು ಮಾತು ಹೇಳುತ್ತಾರೆ: 'ಇಲ್ಲಿನ ಬಂಡೆ ಗಟ್ಟಿ ಇದೆ.' ನನ್ನ ಪ್ರಕಾರ ಇದು ಅರ್ಧ ಸತ್ಯ. ಉಳಿದರ್ಧ ಎಷ್ಟು ದುಬಾರಿ ಅನ್ನೋದಕ್ಕೆ ಇಟಲಿಯ ವಯೊಂಟ್ ಕಣಿವೆ ಸಾಕ್ಷಿ.

ಗುಡ್ಡ ಅಂದರೆ ಒಂದೇ ಕಲ್ಲಲ್ಲ

ಪ್ರಯೋಗಾಲಯದಲ್ಲಿ ಒತ್ತಿ ನೋಡುವುದು ಒಂದು ಸಣ್ಣ ಕಲ್ಲಿನ ತುಂಡನ್ನು. ಗುಡ್ಡದ ತುಂಬ ಪದರ, ಬಿರುಕು. ಇಸ್ಪೀಟ್ ಕಟ್ಟನ್ನು ಮೇಜಿನ ಮೇಲಿಟ್ಟು ಮೇಲಿನಿಂದ ಒತ್ತಿ, ಏನೂ ಆಗೋದಿಲ್ಲ. ಅದನ್ನೇ ಓರೆಯಾಗಿ ಹಿಡಿದು ಒತ್ತಿ, ಎಲೆಗಳು ಜಾರುತ್ತವೆ. ಬದಲಾಗಿದ್ದು ಕೋನ ಮಾತ್ರ. ಆಸ್ಟ್ರೇಲಿಯಾದ ಜೆ.ಸಿ. ಯೇಗರ್ 1960ರಲ್ಲಿ ಇದನ್ನೇ ಲೆಕ್ಕಕ್ಕಿಳಿಸಿದರು: ದುರ್ಬಲ ಪದರವಿರುವ ಬಂಡೆಯ ಬಲ, ಒತ್ತಡ ಬೀಳುವ ದಿಕ್ಕಿನ ಮೇಲೆ ನಿಂತಿದೆ. ಬಿರುಕಿನೊಳಗೆ ನೀರು ತುಂಬಿದರೆ ಅದು ಎರಡೂ ಬದಿಯನ್ನು ದೂಡಿ ಹಿಡಿತ ಸಡಿಲಿಸುತ್ತದೆ.

ಮಾದರಿಯಲ್ಲಿ ಜಲ್ಲಿ, ಕಣಿವೆಯಲ್ಲಿ ಬೆಟ್ಟ

ವಯೊಂಟ್ ಜಲಾಶಯದ ಪಕ್ಕದ ಟೋಕ್ ಬೆಟ್ಟದ ಸುಣ್ಣಕಲ್ಲಿನ ಪದರಗಳು ಕಣಿವೆಯ ಕಡೆಗೇ ವಾಲಿದ್ದವು, ನಡುನಡುವೆ ತೆಳ್ಳನೆಯ ಜೇಡಿಮಣ್ಣು. ಸ್ಥಳೀಯರ ಆತಂಕವನ್ನು ಬರೆದ ಪತ್ರಕರ್ತೆ ಟೀನಾ ಮೆರ್ಲಿನ್ ಮೇಲೆ ಸುಳ್ಳು ಸುದ್ದಿಯ ಕೇಸು ಬಿತ್ತು. 1960ರಲ್ಲಿ ಅವರು ಖುಲಾಸೆಯಾದರು. ಅದೇ ವರ್ಷ ನವೆಂಬರಿನಲ್ಲಿ ಬೆಟ್ಟದ ಮೇಲೆ ಉದ್ದನೆಯ ಬಿರುಕು ಕಾಣಿಸಿತು.

ಆಮೇಲೆ ಎಂಜಿನಿಯರುಗಳು 1:200 ಅಳತೆಯ ಮಾದರಿ ಕಟ್ಟಿ, ಜಾರುವ ಬೆಟ್ಟದ ಬದಲಿಗೆ ಜಲ್ಲಿಯನ್ನು ನೀರಿಗೆ ಜಾರಿಸಿ ನೋಡಿದರು. ಸಮುದ್ರಮಟ್ಟದಿಂದ 700 ಮೀಟರ್‌ವರೆಗೆ ನೀರಿದ್ದರೆ ತೊಂದರೆಯಿಲ್ಲ ಅಂತ ತೀರ್ಮಾನವಾಯಿತು. 1963ರ ಅಕ್ಟೋಬರ್ 9ರ ರಾತ್ರಿ ನೀರು ಹೆಚ್ಚುಕಡಿಮೆ ಅಷ್ಟೇ ಇತ್ತು. ಸುಮಾರು 27 ಕೋಟಿ ಘನ ಮೀಟರ್ ಬಂಡೆ ಒಂದೇ ದೊಡ್ಡ ಹಲಗೆಯಂತೆ, ನಿಮಿಷದೊಳಗೆ ಜಾರಿ ಬಂತು. ಅಣೆಕಟ್ಟಿನ ಮೇಲೆ ಹಾರಿದ ಅಲೆ ಲೊಂಗರೋನೆ ಊರನ್ನು ಅಳಿಸಿಹಾಕಿತು. ಸತ್ತವರು 1,900ಕ್ಕೂ ಹೆಚ್ಚು. ಅಣೆಕಟ್ಟು ಮಾತ್ರ ಇವತ್ತಿಗೂ ನಿಂತಿದೆ. ಕಾಂಕ್ರೀಟಿನ ಲೆಕ್ಕ ಸರಿಯಿತ್ತು, ತಪ್ಪಿದ್ದು ಬೆಟ್ಟದ ಲೆಕ್ಕ.

ನಾವು ಏನು ಕೇಳಬೇಕು?

ಪೀಟರ್ ಕುಂಡಾಲ್ 1971ರಲ್ಲಿ ಮಂಡಿಸಿದ ವಿಧಾನದಿಂದ ಇಂದು ಬಂಡೆಯ ಒಂದೊಂದು ತುಂಡಿನ ಚಲನೆಯನ್ನೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬಹುದು. ಆದರೆ ಬಿರುಕುಗಳನ್ನು ಯಾರಾದರೂ ಗುಡ್ಡ ಹತ್ತಿ ಅಳೆಯಲೇಬೇಕು. ಹಾಗಾಗಿ ಸಾರ್ವಜನಿಕ ವಿಚಾರಣೆಗೆ ಹೋದಾಗ ಬಂಡೆ ಎಷ್ಟು ಗಟ್ಟಿ ಅಂತ ಕೇಳಿ ಸುಮ್ಮನಾಗಬೇಡಿ. ಪದರ ಯಾವ ಕಡೆ ವಾಲಿದೆ, ಬಿರುಕಿನೊಳಗೆ ಏನು ತುಂಬಿದೆ, ಮಳೆಗಾಲದಲ್ಲಿ ಅದರ ನೀರಿನ ಒತ್ತಡ ಅಳೆದವರು ಯಾರು ಅಂತಲೂ ಕೇಳಿ.