ಅರಗು ಕರಗುವ ಪಡಸಾಲೆ

ಚನ್ನಪಟ್ಟಣದ ಬೊಂಬೆಯ ಮಾತು ಬಂದರೆ ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದನೆಂಬ ಕಥೆಯೇ ಮೊದಲು ಕೇಳುತ್ತದೆ. ಅರಮನೆಯ ಆಶ್ರಯದಲ್ಲಿ ಕಸುಬು ಬೇರೂರಿರಬಹುದು. ಆದರೆ 1799ರಲ್ಲಿ ಟಿಪ್ಪು ಮಡಿದ ಮೇಲೂ ಎರಡು ಶತಮಾನ ಅದನ್ನು ಉಳಿಸಿದ್ದು ಮನೆಯ ಪಡಸಾಲೆ ಎಂಬುದು ನನ್ನ ವಾದ. ಸಾಕ್ಷಿ ಕೆಲಸದ ರೀತಿಯಲ್ಲೇ ಇದೆ. ಬೊಂಬೆಗೆ ಬಳಸುವ ಆಲೆಮರ ಮೃದು, ಎಳೆ ನಯ, ಬಣ್ಣ ಬಿಳುಪು. ಲೇತಿನಲ್ಲಿ ತಿರುಗುವ ತುಂಡಿಗೆ ಉಳಿ ಹಿಡಿದು ಆಕಾರ ಕೊಟ್ಟ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಕೇದಗೆ ಗರಿಯಿಂದ ತೀಡಿದರೆ ಹೊಳಪು. ಕುಂಚ ಬೇಡ, ಒಣಗಲೆಂದು ಕಾಯಬೇಕಿಲ್ಲ, ಒಂದು ಕೋಣೆ ಸಾಕು. ಪಕ್ಕದಲ್ಲಿ ನೋಡುತ್ತಾ ಕೂತ ಮಗುವಿಗೆ ಅದೇ ಶಾಲೆ.

ವಿದ್ಯುತ್ ಲೇತ್ ಬಂದು ಕೈಗೆಲಸ ಮುಗಿಯಿತು ಎನ್ನುವವರಿದ್ದಾರೆ. ಮೋಟಾರು ಇಳಿಸಿದ್ದು ಕೈ ಲೇತನ್ನು ತಿರುಗಿಸಲು ಬಿಲ್ಲೆಳೆಯುವ ಶ್ರಮವನ್ನು ಮಾತ್ರ. ಕಡ್ಡಿಯನ್ನು ಎಷ್ಟು ಒತ್ತಬೇಕೆಂದು ಇಂದಿಗೂ ಬೆರಳೇ ಹೇಳಬೇಕು. ನಿಜವಾದ ಪೆಟ್ಟು ಕೊಟ್ಟದ್ದು ಅಗ್ಗದ ಪ್ಲಾಸ್ಟಿಕ್ ಆಟಿಕೆ. 2005-06ರಲ್ಲಿ ಸಿಕ್ಕ ಭೌಗೋಳಿಕ ಸೂಚಕ ಹೆಸರನ್ನು ಕಾಯುತ್ತದೆ, ಅದು ಬೇಕೇ ಬೇಕು. ಕೈಯನ್ನು ಕಾಯುವುದು ಕೊಳ್ಳುವವರ ಪಾಲಿನ ಕೆಲಸ. ಬೊಂಬೆಗೆಂದು ಹೋದವರು ಹೆದ್ದಾರಿಯ ಅಂಗಡಿಯಲ್ಲೇ ನಿಲ್ಲದೆ, ಊರೊಳಗಿನ ಲೇತಿನ ಮುಂದೆ ಅರ್ಧ ಗಂಟೆ ಕುಳಿತು ಬನ್ನಿ.