ಪಕ್ಷದ ಬೆಂಬಲವಿಲ್ಲದ ಕನ್ನಡ ಅಭ್ಯರ್ಥಿ: ಕಾಸರಗೋಡಿನ ವಾರ್ಡು ಚುನಾವಣೆಗೆ ಒಂದು ಕೈಪಿಡಿ

ಕಾಸರಗೋಡು ಜಿಲ್ಲೆಯ ಪಂಚಾಯತ್ ಚುನಾವಣೆಗಳಲ್ಲಿ ಎಡರಂಗ, ಐಕ್ಯರಂಗ, ಎನ್‌ಡಿಎ ಈ ಮೂರರಲ್ಲಿ ಯಾವುದರ ಬೆಂಬಲವೂ ಇಲ್ಲದೆ, ಕನ್ನಡಿಗರ ಭಾಷಾ ಹಕ್ಕುಗಳನ್ನು ಮುಂದಿಟ್ಟುಕೊಂಡು ಸ್ಪರ್ಧಿಸುವವರನ್ನು ಈ ಲೇಖನದಲ್ಲಿ ‘ಕನ್ನಡ ಪರ ಸ್ವತಂತ್ರ ಅಭ್ಯರ್ಥಿ’ ಎಂದು ಕರೆದಿದ್ದೇವೆ. ಇವರು ಗೆಲ್ಲುವುದು ವಿರಳ. ಪಕ್ಷದ ಕಚೇರಿ, ಬೂತ್ ಸಮಿತಿ, ವಾಹನ, ಹಣ ಯಾವುದೂ ಇವರ ಬಳಿ ಇರುವುದಿಲ್ಲ. ಇಂತಹವರ ಬೆನ್ನಿಗೆ ನಿಲ್ಲಬಯಸುವವರು ತಿಳಿದಿರಬೇಕಾದ ಹಿನ್ನೆಲೆಯನ್ನೂ ನಿಯಮಗಳನ್ನೂ ನಮ್ಮ ಅನುಭವಕ್ಕೆ ಬಂದ ತೊಡಕುಗಳನ್ನೂ ಇಲ್ಲಿ ಒಟ್ಟುಗೂಡಿಸಿದ್ದೇವೆ. ಸರಕಾರಿ ನೌಕರಿಯಲ್ಲಿರುವ ಅಧ್ಯಾಪಕರು ಪ್ರಚಾರಕ್ಕೆ ಇಳಿಯುವಂತಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಮನೆ ಮನೆ ಸುತ್ತಿದ ‘ನಾವು’ ಆ ಬಂಧನ ಇಲ್ಲದವರು.

ವಾರ್ಡು ಏಕೆ ಮುಖ್ಯ

1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯಂತೆ ಪ್ರತಿಯೊಂದು ವಾರ್ಡಿನ ಮತದಾರರೆಲ್ಲರೂ ಸೇರಿ ಒಂದು ಗ್ರಾಮಸಭೆ. ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಕರೆಯುವ ಹೊಣೆ ವಾರ್ಡು ಸದಸ್ಯರದು. ಮತದಾರರಲ್ಲಿ ಹತ್ತನೆಯ ಒಂದು ಪಾಲು ಹಾಜರಿದ್ದರೆ ಕೋರಂ. ಮನೆ ಯಾರಿಗೆ, ಶೌಚಾಲಯ ಯಾರಿಗೆ, ಬಾವಿ ಯಾರಿಗೆ ಎಂಬ ಫಲಾನುಭವಿ ಪಟ್ಟಿ ಅಲ್ಲಿಂದಲೇ ಹೊರಡುತ್ತದೆ. ಆ ಸಭೆಯ ನೋಟೀಸು ಮಲಯಾಳದಲ್ಲಿ, ಅರ್ಜಿ ನಮೂನೆ ಮಲಯಾಳದಲ್ಲಿ, ನಡಾವಳಿ ಮಲಯಾಳದಲ್ಲಿ ಇರುವಾಗ, ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದಿದ ಅರುವತ್ತರ ಹೆಂಗಸು ತಾನು ಸಹಿ ಹಾಕಿದ್ದು ಯಾವುದಕ್ಕೆಂದು ತಿಳಿಯದೆ ಮನೆಗೆ ಮರಳುತ್ತಾಳೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕಾಸರಗೋಡಿನ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಕಾಗದದ ಮೇಲಿನ ಆ ಹಕ್ಕನ್ನು ಪಂಚಾಯತ್ ಕಚೇರಿಯ ಮೇಜಿನ ಮುಂದೆ ನಿಂತು ಕೇಳುವವರು ಬೇಕು. ನಮ್ಮ ಮಟ್ಟಿಗೆ ವಾರ್ಡು ಸದಸ್ಯರೆಂದರೆ ಮುಖ್ಯವಾಗಿ ಆ ಕೇಳುವವರು.

ಶಾಲೆಯ ವಿಚಾರವೂ ಇದಕ್ಕೆ ಸೇರಿದ್ದು. ಸರಕಾರಿ ಪ್ರಾಥಮಿಕ ಶಾಲೆಗಳ ಕಟ್ಟಡ, ದುರಸ್ತಿ, ಸೌಕರ್ಯಗಳು ಗ್ರಾಮ ಪಂಚಾಯತಿನ ಹೊಣೆ. ಹೈಸ್ಕೂಲುಗಳದ್ದು ಜಿಲ್ಲಾ ಪಂಚಾಯತಿನದು. ಅಧ್ಯಾಪಕರ ನೇಮಕ ಪಂಚಾಯತಿನ ಕೈಯಲ್ಲಿಲ್ಲ. ಆದರೆ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗ ಆಡಳಿತ ಸಮಿತಿಯಲ್ಲಿ ಒಂದು ನಿರ್ಣಯ ದಾಖಲಾದರೆ, ಪೋಷಕರ ದೂರಿಗೆ ಸಿಗದ ತೂಕ ಅದಕ್ಕೆ ಸಿಗುತ್ತದೆ.

ಹಿಂದಿನ ಕಥೆ

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಮರುವರ್ಷವೇ ನಡೆದ ಮೊದಲ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ್ ರಾವ್ ಸ್ವತಂತ್ರರಾಗಿ ಅವಿರೋಧವಾಗಿ ಆಯ್ಕೆಯಾದರು. 1960ರಲ್ಲಿ ಕರ್ನಾಟಕ ಸಮಿತಿಯ ಕಳ್ಳಿಗೆ ಮಹಾಬಲ ಭಂಡಾರಿಯವರು ಅದೇ ಕ್ಷೇತ್ರದಲ್ಲಿ ಗೆದ್ದರು. 1967ರಲ್ಲಿ ಮತ್ತೆ ಗೆದ್ದರು. ಆ ವರ್ಷ ಕಾಸರಗೋಡು ಕ್ಷೇತ್ರದಿಂದ ಯು. ಪಿ. ಕುಣಿಕುಳ್ಳಾಯರೂ ಸಭೆ ಸೇರಿದರು. ಅಂದಿನ ದಿನಗಳಲ್ಲಿ ಕನ್ನಡದ ಸ್ವತಂತ್ರ ಅಭ್ಯರ್ಥಿಯನ್ನು ಯಾರೂ ದುರ್ಬಲನೆಂದು ಕರೆಯುತ್ತಿರಲಿಲ್ಲ.

ಕಾಲ ಬದಲಾದದ್ದು 1970ರ ಚುನಾವಣೆಯಿಂದ. ಅಂದು ಮಂಜೇಶ್ವರವನ್ನು ಗೆದ್ದವರು ಸಿಪಿಐಯ ಎಂ. ರಾಮಪ್ಪ, ಬಳಿಕ ಅದೇ ಪಕ್ಷದ ಎ. ಸುಬ್ಬ ರಾವ್ ಗೆದ್ದು ಮಂತ್ರಿಯೂ ಆದರು. ಕನ್ನಡ ಬಲ್ಲ ಅಭ್ಯರ್ಥಿಯನ್ನು ಪಕ್ಷಗಳೇ ನಿಲ್ಲಿಸತೊಡಗಿದಾಗ ಸಮಿತಿಯ ಕಾಲ ಕೆಳಗಿನ ನೆಲ ಜಾರಿತು. 2021ರಲ್ಲಿ ಮುಸ್ಲಿಂ ಲೀಗಿನ ಎ. ಕೆ. ಎಂ. ಅಶ್ರಫ್ ತಿರುವನಂತಪುರದಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದ್ದನ್ನು ನೆನೆದರೆ, ಈ ಭಾಷೆಯ ಬೆಲೆಯನ್ನು ಪಕ್ಷಗಳು ಮರೆತಿಲ್ಲವೆಂಬುದು ತಿಳಿಯುತ್ತದೆ. ಇದರಿಂದ ನಮಗೆ ಸಂತೋಷವೇ ಆಗಿದೆ. ಆದರೆ ಪಕ್ಷದ ಸದಸ್ಯ ಪಕ್ಷದ ವಿಪ್‌ಗೆ ಬದ್ಧ. ಭಾಷೆಯ ಪ್ರಶ್ನೆ ಬಂದು ಪಕ್ಷ ಮೌನ ವಹಿಸಿದ ದಿನ ಅವರೂ ಮೌನಿಗಳಾಗುವುದನ್ನು ನಾವು ಕಂಡಿದ್ದೇವೆ.

ಪಂಚಾಯತ್ ಮಟ್ಟದಲ್ಲಿ ನಮ್ಮ ಕಣ್ಣ ಮುಂದೆ ಇರುವ ದೊಡ್ಡ ಹೆಸರು ಕಯ್ಯಾರ ಕಿಞ್ಞಣ್ಣ ರೈಗಳದು. ಕವಿ, ಅಧ್ಯಾಪಕ, ಏಕೀಕರಣದ ಹೋರಾಟಗಾರ ಎಂದು ಅವರನ್ನು ನೆನೆಯುವವರು, ಅವರು ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದರೆಂಬುದನ್ನು ಮರೆಯುವುದುಂಟು.

ಮೊದಲ ಕೆಲಸ ಮತದಾರರ ಪಟ್ಟಿ

ಕರಪತ್ರದಿಂದ, ಘೋಷಣೆಯಿಂದ ಕೆಲಸ ಆರಂಭಿಸುವವರು ಸೋಲುತ್ತಾರೆ. ನಾವೂ ಹಾಗೆಯೇ ಸೋತವರು. ಲೋಕಸಭೆ, ವಿಧಾನಸಭೆಗಳ ಮತದಾರರ ಪಟ್ಟಿ ಬೇರೆ, ಪಂಚಾಯತಿನದು ಬೇರೆ. ಮೊದಲನೆಯದು ಭಾರತದ ಚುನಾವಣಾ ಆಯೋಗದ್ದು, ಎರಡನೆಯದು ರಾಜ್ಯ ಚುನಾವಣಾ ಆಯೋಗದ್ದು. ‘ಗುರುತಿನ ಚೀಟಿ ಉಂಟಲ್ಲ ಮಾಸ್ಟ್ರೇ, ಕಳೆದ ಸಲ ಓಟು ಹಾಕಿದ್ದೇನೆ’ ಎನ್ನುವವರ ಹೆಸರು ಪಂಚಾಯತ್ ಪಟ್ಟಿಯಲ್ಲಿ ಇಲ್ಲದಿರಬಹುದು. ಪಕ್ಷಗಳ ಬೂತ್ ಸಮಿತಿಗಳು ವರ್ಷವಿಡೀ ಈ ಪಟ್ಟಿಯ ಹಿಂದೆಯೇ ಇರುತ್ತವೆ: ಮದುವೆಯಾಗಿ ಹೋದವರನ್ನು ತೆಗೆಸುವುದು, ಹದಿನೆಂಟು ತುಂಬಿದವರನ್ನು ಸೇರಿಸುವುದು. ಸ್ವತಂತ್ರರ ಕಡೆಯವರಿಗೆ ಅದರ ನೆನಪಾಗುವುದು ಚುನಾವಣೆಯ ದಿನಾಂಕ ಘೋಷಣೆಯಾದ ಮೇಲೆ.

ಪಟ್ಟಿಯಲ್ಲಿ ಇನ್ನೊಂದು ತೊಡಕೂ ಇದೆ. ತುಳು, ಕನ್ನಡ ಮನೆಹೆಸರುಗಳು ಮಲಯಾಳ ಲಿಪಿಗೆ ಹೋಗಿ ಮರಳಿ ಬರುವಾಗ ಗುರುತೇ ಸಿಗದಂತಾಗುತ್ತವೆ. ಮತಗಟ್ಟೆಯಲ್ಲಿ ಹೆಸರು ಹೊಂದಿಕೆಯಾಗದೆ ತಕರಾರು ಎದ್ದರೆ, ಸಂಕೋಚದ ಹಿರಿಯರು ಜಗಳವಾಡದೆ ಹಿಂದಿರುಗುತ್ತಾರೆ. ಆದ್ದರಿಂದ ಕರಡು ಪಟ್ಟಿ ಪ್ರಕಟವಾದ ದಿನವೇ ಅದರ ಪ್ರತಿ ತಂದು, ಮಲಯಾಳ ಓದಬಲ್ಲ ಒಬ್ಬರನ್ನು ಜತೆಯಲ್ಲಿ ಕೂರಿಸಿಕೊಂಡು, ಮನೆಯಿಂದ ಮನೆಗೆ ಓದಿ ಹೇಳಬೇಕು. 2025ರ ಚುನಾವಣೆಗೆ ಮುನ್ನ ವಾರ್ಡುಗಳ ಮರುವಿಂಗಡಣೆ ನಡೆದು, ಗ್ರಾಮ ಪಂಚಾಯತಿನ ಕನಿಷ್ಠ ವಾರ್ಡುಗಳ ಸಂಖ್ಯೆ 13ರಿಂದ 14ಕ್ಕೆ, ಗರಿಷ್ಠ ಸಂಖ್ಯೆ 23ರಿಂದ 24ಕ್ಕೆ ಏರಿದೆ. ಗಡಿರೇಖೆ ಸರಿದಾಗ ಒಂದೇ ಓಣಿಯ ಕನ್ನಡ ಮನೆಗಳು ಎರಡು ವಾರ್ಡುಗಳಿಗೆ ಹಂಚಿಹೋಗಬಲ್ಲವು. ಕರಡಿನ ಹಂತದಲ್ಲಿ ಆಕ್ಷೇಪ ಸಲ್ಲಿಸದೆ, ಬಳಿಕ ಅನ್ಯಾಯವಾಯಿತೆಂದು ಹೇಳಿ ಫಲವಿಲ್ಲ.

‘ಕನ್ನಡದ ಮತ’ ಎಂಬುದು ಒಂದೇ ಗಂಟು ಎಂದು ಭಾವಿಸುವುದೂ ತಪ್ಪು. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿತವರೇ ಇಲ್ಲಿ ಹೆಚ್ಚು. ಅವರಲ್ಲಿ ಅನೇಕರು ಜಾತಿ, ಮತ, ಪಕ್ಷಗಳ ಲೆಕ್ಕದಲ್ಲಿ ಆಗಲೇ ಹಂಚಿಹೋಗಿದ್ದಾರೆ. ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ಬ್ಯಾರಿ ಮನೆಯನ್ನು ಬಿಟ್ಟು, ಕನ್ನಡಾಭಿಮಾನದ ಭಾಷಣಕ್ಕೆ ಚಪ್ಪಾಳೆ ತಟ್ಟುವ ಮನೆಗಳನ್ನು ಮಾತ್ರ ಸುತ್ತಿದ ಪ್ರಚಾರ ಅರ್ಧ ವಾರ್ಡನ್ನು ಮೊದಲೇ ಕೈಬಿಟ್ಟಂತೆ.

ನಾಮಪತ್ರಿಕೆ, ಹೆಸರು, ಚಿಹ್ನೆ

ಅಭ್ಯರ್ಥಿಗೆ 21 ವರ್ಷ ತುಂಬಿರಬೇಕು. ಆ ಪಂಚಾಯತಿನ ಯಾವುದಾದರೂ ವಾರ್ಡಿನ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಸೂಚಕರು ಮಾತ್ರ ಸ್ಪರ್ಧಿಸುವ ವಾರ್ಡಿನ ಮತದಾರರೇ ಆಗಿರಬೇಕು. 2025ರಲ್ಲಿ ಗ್ರಾಮ ಪಂಚಾಯತಿಗೆ ಠೇವಣಿ 2,000 ರೂಪಾಯಿ. ಪರಿಶಿಷ್ಟರಿಗೆ ಅದರ ಅರ್ಧ. ಪಂಚಾಯತಿಗೆ ತೆರಿಗೆ ಬಾಕಿಯಿದ್ದು ನೋಟೀಸು ತಲುಪಿದ್ದರೆ ಪತ್ರಿಕೆ ತಿರಸ್ಕೃತವಾಗಬಹುದು. ಕಟ್ಟಡ ತೆರಿಗೆಯ ರಶೀದಿ ಚಿಕ್ಕ ಕಾಗದ. ಅದನ್ನು ಮೊದಲೇ ಹುಡುಕಿ ಇಟ್ಟುಕೊಳ್ಳಿ.

ಮತಯಂತ್ರದಲ್ಲಿ ಹೆಸರುಗಳು ಮಲಯಾಳ ಅಕ್ಷರಮಾಲೆಯ ಕ್ರಮದಲ್ಲಿ ಬರುತ್ತವೆ. ಕನ್ನಡ ಮತದಾರರಿರುವ ವಾರ್ಡುಗಳಲ್ಲಿ ಹೆಸರನ್ನು ಕನ್ನಡದಲ್ಲೂ ಅಚ್ಚು ಹಾಕುವ ವ್ಯವಸ್ಥೆ ಇದೆ. ನಾಮಪತ್ರಿಕೆಯ ಹಂತದಲ್ಲಿಯೇ ಕನ್ನಡದ ಕಾಗುಣಿತವನ್ನು ಸ್ಪಷ್ಟವಾಗಿ ಬರೆದುಕೊಟ್ಟು, ಅಚ್ಚಿಗೆ ಮುನ್ನ ನೋಡಿಕೊಳ್ಳಬೇಕು. ಜತೆಗೆ ‘ಅಪರ’ರ ಹಾವಳಿ. ಕೇರಳದಲ್ಲಿ ಒಂದೇ ಹೆಸರಿನ ಇನ್ನೊಬ್ಬರನ್ನು ನಿಲ್ಲಿಸಿ ಮತ ಸೆಳೆಯುವ ತಂತ್ರಕ್ಕೆ ಈ ಹೆಸರು. 2004ರ ಲೋಕಸಭಾ ಚುನಾವಣೆಯಲ್ಲಿ ಆಲಪ್ಪುಳದ ವಿ. ಎಂ. ಸುಧೀರನ್ 1,009 ಮತಗಳಿಂದ ಸೋತಾಗ, ವಿ. ಎಸ್. ಸುಧೀರನ್ ಎಂಬ ಸ್ವತಂತ್ರರಿಗೆ 8,282 ಮತ ಬಿದ್ದಿತ್ತು. ವಾರ್ಡಿನಲ್ಲಾದರೆ ಅಂತಹ ಇಪ್ಪತ್ತು ಮತ ಸಾಕು. ಊರಲ್ಲಿ ಕರೆಯುವ ಹೆಸರನ್ನೋ ಮನೆಹೆಸರನ್ನೋ ಜತೆಗೆ ಸೇರಿಸಿಕೊಳ್ಳುವುದೇ ಇದಕ್ಕೆ ಮದ್ದು.

ಚಿಹ್ನೆ ಮುಕ್ತ ಪಟ್ಟಿಯಿಂದ ಸಿಗುತ್ತದೆ. ಒಂದನ್ನೇ ಇಬ್ಬರು ಬಯಸಿದರೆ ಚೀಟಿ ಎತ್ತುತ್ತಾರೆ. ಅಡುಗೆಮನೆಯಲ್ಲೋ ಅಂಗಳದಲ್ಲೋ ಕಣ್ಣಿಗೆ ಬೀಳುವ ವಸ್ತುವನ್ನು ಆರಿಸಿ. ಪಕ್ಷಗಳ ಚಿಹ್ನೆ ಜನರ ಮನಸ್ಸಿನಲ್ಲಿ ವರ್ಷಗಟ್ಟಲೆ ಇರುತ್ತದೆ. ನಿಮ್ಮದಕ್ಕೆ ಸಿಗುವುದು ಹೆಚ್ಚೆಂದರೆ ಮೂರು ವಾರ.

ಹಣ ಮತ್ತು ಮಾತು

ಗ್ರಾಮ ಪಂಚಾಯತ್ ಅಭ್ಯರ್ಥಿಯ ವೆಚ್ಚದ ಮಿತಿ 25,000 ರೂಪಾಯಿ. ಫಲಿತಾಂಶ ಬಂದ 30 ದಿನಗಳೊಳಗೆ ರಶೀದಿಗಳೊಡನೆ ಲೆಕ್ಕ ಸಲ್ಲಿಸಬೇಕು. ಸೋತವರೂ ಸಲ್ಲಿಸಬೇಕು, ತಪ್ಪಿದರೆ ಅನರ್ಹತೆ. ಸೋತ ಬೇಸರದಲ್ಲಿ ಇದನ್ನು ಮರೆಯುವವರು ಬಹಳ. ಕರಪತ್ರವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರೂ ಮುದ್ರಕರ, ಪ್ರಕಾಶಕರ ಹೆಸರು ಅದರಲ್ಲಿರಲೇಬೇಕು. ಫ್ಲೆಕ್ಸ್‌ಗೆ ನಿಷೇಧವಿದೆ, ಬಟ್ಟೆ, ಕಾಗದ ಬಳಸಿ.

ಪಕ್ಷೇತರರು ಪಂಚಾಯತನ್ನೇ ಗೆದ್ದ ಉದಾಹರಣೆ ಕೇರಳದಲ್ಲಿ ಇಲ್ಲದಿಲ್ಲ. 2015ರಲ್ಲಿ ಎರ್ನಾಕುಳಂ ಜಿಲ್ಲೆಯ ಕಿಳಕ್ಕಂಬಲಂನಲ್ಲಿ ಟ್ವೆಂಟಿ20 ಕೂಟ 19 ವಾರ್ಡುಗಳಲ್ಲಿ 17ನ್ನು ಗೆದ್ದಿತು. ಅದರ ಹಿಂದೆ ಒಂದು ದೊಡ್ಡ ಉದ್ಯಮವಿತ್ತು. ನಮ್ಮ ಹಿಂದೆ ಇರುವುದು ಹಳೆ ವಿದ್ಯಾರ್ಥಿಗಳು ಮತ್ತು ಎರಡು ಸ್ಕೂಟರ್. ಹೋಲಿಕೆ ಬೇಡ.

‘ನಿಮಗೆ ಹಾಕಿದರೆ ಮತ ಹಾಳು’ ಎಂಬ ಮಾತು ಪ್ರತಿ ಮನೆಯಲ್ಲೂ ಕೇಳಿಬರುತ್ತದೆ. 2016ರಲ್ಲಿ ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಫಲಿತಾಂಶ ಬರೇ 89 ಮತಗಳಲ್ಲಿ ನಿರ್ಣಯವಾದ ಮೇಲೆ ಈ ಭಯಕ್ಕೆ ಬಲ ಬಂದಿದೆ. ಇದಕ್ಕೆ ನಾವು ಕೊಡುವ ಉತ್ತರ: ಪಂಚಾಯತಿನಲ್ಲಿ ಮತದಾರರಿಗೆ ಮೂರು ಮತಗಳಿವೆ. ಬಿಳಿ ಲೇಬಲ್ ಗ್ರಾಮ ಪಂಚಾಯತಿಗೆ, ಗುಲಾಬಿ ಬ್ಲಾಕಿಗೆ, ತಿಳಿ ನೀಲಿ ಜಿಲ್ಲೆಗೆ. ನೀಲಿಯಲ್ಲೂ ಗುಲಾಬಿಯಲ್ಲೂ ನಿಮ್ಮ ಪಕ್ಷ ನಿಮಗಿರಲಿ, ಬಿಳಿಯದನ್ನು ಮಾತ್ರ ನಮಗೆ ಕೊಡಿ. ಈ ಮಾತು ಘೋಷಣೆಗಳಿಗಿಂತ ಹೆಚ್ಚು ಕೆಲಸ ಮಾಡಿದೆ.

‘ಗೆದ್ದ ಮೇಲೆ ಯಾವ ಪಕ್ಷ ಸೇರುತ್ತೀರಿ?’ ಎಂಬುದು ಎರಡನೆಯ ಪ್ರಶ್ನೆ. 1999ರ ಪಕ್ಷಾಂತರ ನಿಷೇಧ ಕಾಯಿದೆ ಸ್ಥಳೀಯ ಸಂಸ್ಥೆಗಳಿಗೂ ಅನ್ವಯ. ಯಾರ ಬೆಂಬಲವೂ ಇಲ್ಲದೆ ಗೆದ್ದ ಸ್ವತಂತ್ರರು ಪಕ್ಷವನ್ನೋ ಒಕ್ಕೂಟವನ್ನೋ ಸೇರಿದರೆ ಸದಸ್ಯತ್ವ ಹೋಗುತ್ತದೆ, ಆರು ವರ್ಷ ಸ್ಪರ್ಧಿಸುವಂತಿಲ್ಲ. ಅದೇ ಕಾರಣಕ್ಕೆ ಪ್ರಚಾರದ ನಡುವೆ ‘ಹೊರಗಿನಿಂದ ಬೆಂಬಲ’ ಕೊಡುತ್ತೇವೆಂದು ಬರುವ ಒಕ್ಕೂಟದ ಬಗ್ಗೆ ಎಚ್ಚರ ಬೇಕು. ಅದನ್ನು ಒಪ್ಪಿದವರನ್ನು ಕಾನೂನು ಆ ಒಕ್ಕೂಟದವರೆಂದೇ ಎಣಿಸುತ್ತದೆ.

ಗೆದ್ದರೆ

ಯಾರಿಗೂ ಬಹುಮತವಿಲ್ಲದ ಪಂಚಾಯತಿನಲ್ಲಿ ಒಬ್ಬ ಸ್ವತಂತ್ರ ಸದಸ್ಯನ ಮತಕ್ಕೆ ಅಧ್ಯಕ್ಷರನ್ನು ನಿರ್ಣಯಿಸುವ ಬಲವಿರುತ್ತದೆ. ಅಧ್ಯಕ್ಷರ ಚುನಾವಣೆ ಬಹಿರಂಗ ಮತದಾನ, ಮತಪತ್ರದ ಹಿಂಬದಿಯಲ್ಲಿ ಸಹಿ ಹಾಕಬೇಕು. ಊರಿಗೆ ಗೊತ್ತಾಗದೆ ಉಳಿಯುವುದಿಲ್ಲ. ಅಧ್ಯಕ್ಷರನ್ನು ಬಿಟ್ಟು ಪ್ರತಿ ಸದಸ್ಯರಿಗೂ ಒಂದಲ್ಲ ಒಂದು ಸ್ಥಾಯಿ ಸಮಿತಿಯಲ್ಲಿ ಸ್ಥಾನವಿದೆ. ಆರೋಗ್ಯ–ಶಿಕ್ಷಣ ಸಮಿತಿಗೆ ಪ್ರಯತ್ನಿಸುವುದು ನಮ್ಮವರಿಗೆ ಉಚಿತ.

2020ರಲ್ಲಿ ನಾವು ಬೆಂಬಲಿಸಿದವರು ಮಹಿಳಾ ಮೀಸಲು ವಾರ್ಡಿನಲ್ಲಿ ಬೀಡಿ ಕಟ್ಟುವ ಒಬ್ಬ ಹೆಂಗಸು. ಡಿಸೆಂಬರ್ 14ರಂದು ಮತದಾನ. ಕೋವಿಡಿನ ಕಾರಣ ಮನೆ ಭೇಟಿಗೆ ಅಭ್ಯರ್ಥಿಯೊಡನೆ ಐದು ಮಂದಿಗಿಂತ ಹೆಚ್ಚು ಹೋಗುವಂತಿರಲಿಲ್ಲ. ಅದಕ್ಕಿಂತ ಹೆಚ್ಚು ಜನ ನಮ್ಮಲ್ಲಿ ಇರಲೂ ಇಲ್ಲ. 16ರ ಬೆಳಿಗ್ಗೆ ಎಣಿಕೆ ಮುಗಿದಾಗ ಆಕೆ ಎರಡನೆಯ ಸ್ಥಾನದಲ್ಲಿದ್ದರು. ಸಂಜೆ ಅವರ ಮನೆಯ ಜಗಲಿಯಲ್ಲಿ ಕೂತು, ಪಟ್ಟಿಯಲ್ಲಿ ಹೆಸರಿಲ್ಲದೆ ಮತಗಟ್ಟೆಯಿಂದ ಹಿಂದೆ ಬಂದವರನ್ನು ಒಬ್ಬೊಬ್ಬರಾಗಿ ಲೆಕ್ಕ ಹಾಕಿದೆವು. ಸೋಲಿನ ಅಂತರಕ್ಕಿಂತ ಆ ಹೆಸರುಗಳು ಹೆಚ್ಚಿದ್ದವು. ಆಕೆ ಬೀಡಿಯ ಮೊರವನ್ನು ಪಕ್ಕಕ್ಕೆ ಸರಿಸಿ, ‘ಮುಂದಿನ ಪಟ್ಟಿ ಯಾವಾಗ ಬರ್ತದೆ ಮಾಸ್ಟ್ರೇ?’ ಎಂದು ಕೇಳಿದರು. ಮರುದಿನವೇ ಅರ್ಜಿಗಳನ್ನು ತುಂಬಿಸತೊಡಗಿದೆವು.