ಎರಡೂವರೆ ಗುಂಟೆಯ ಲೆಕ್ಕ

ಹಿತ್ತಲಲ್ಲಿ ಏನು ಬೆಳೀಬೇಕು ಅಂತ ನಮ್ಮೂರ ಕಡೆ ಯಾರೂ ಕಾಗದದ ಮೇಲೆ ಲೆಕ್ಕ ಹಾಕಿದವರಲ್ಲ. ಬಸಳೆಗೊಂದು ಚಪ್ಪರ, ಬಚ್ಚಲ ನೀರು ಹರಿಯುವಲ್ಲಿ ಕೆಸು, ಬೇಲಿಗೆ ತೊಂಡೆ, ಮುಗೀತು. ಮುಂಬಯಿ ಫ್ಲಾಟಿನ ನಮಗಂತೂ ಬಾಲ್ಕನಿಯಲ್ಲಿ ಒಂದು ಕರಿಬೇವು ಬದುಕಿದರೆ ಅದೇ ತೋಟ! ಆದರೆ ಒಂದು ದೇಶದ ಸರ್ಕಾರವೇ ಕೂತು, ಹಿತ್ತಲಿನ ಯಾವ ಸಾಲಿಗೆ ಯಾವ ತರಕಾರಿ ಅಂತ ನಕ್ಷೆ ಬರೆದು ಜನರಿಗೆ ಹಂಚಿದ ಕಾಲವೂ ಇತ್ತು. ಎರಡನೇ ಮಹಾಯುದ್ಧದ ಬ್ರಿಟನ್ನಿನ ಕಥೆ ಇದು.

ಯುದ್ಧಕ್ಕೆ ಮೊದಲು ಆ ದೇಶ ಉಣ್ಣುತ್ತಿದ್ದ ಆಹಾರದಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಹಡಗಿನಲ್ಲಿ ಬರುತ್ತಿತ್ತು. 1939ರಲ್ಲಿ ಯುದ್ಧ ಶುರುವಾಗಿ ಜರ್ಮನಿಯ ಸಬ್‌ಮರೀನುಗಳು ಹಡಗು ಮುಳುಗಿಸತೊಡಗಿದಾಗ ಹೊಟ್ಟೆಯ ಪ್ರಶ್ನೆ ಎದ್ದಿತು. ಕೃಷಿ ಇಲಾಖೆ 'ಡಿಗ್ ಫಾರ್ ವಿಕ್ಟರಿ' ಅಂತ ಪ್ರಚಾರ ಶುರುಮಾಡಿತು. ಗೆಲ್ಲಬೇಕಾದರೆ ಅಗೆಯಿರಿ ಅಂತ ಅರ್ಥ. ಲಂಡನ್ನಿನ ಹೈಡ್ ಪಾರ್ಕಿನಲ್ಲೂ ತರಕಾರಿ ಮಡಿ ಎದ್ದವು, ಟವರ್ ಆಫ್ ಲಂಡನ್ ಕೋಟೆಯ ಕಂದಕದಲ್ಲೂ ಎದ್ದವು. ಮನೆ ಹತ್ತಿರ ಜಾಗವಿಲ್ಲದವರಿಗೆ ಪುರಸಭೆಗಳು ಬಾಡಿಗೆಗೆ ತುಂಡು ನೆಲ ಕೊಡುವ ಪದ್ಧತಿ ಅಲ್ಲಿ ಹಳೆಯದು, 'ಅಲಾಟ್‌ಮೆಂಟ್' ಅಂತಾರೆ. ಯುದ್ಧದ ಆರಂಭದಲ್ಲಿ ಎಂಟು ಲಕ್ಷ ಚಿಲ್ಲರೆ ಇದ್ದ ಈ ತುಂಡುಗಳು 1943ರ ಹೊತ್ತಿಗೆ ಸುಮಾರು 14 ಲಕ್ಷವಾದವು.

ನನಗೆ ಕುತೂಹಲ ಹುಟ್ಟಿಸಿದ್ದು ಅವರು ಹಂಚಿದ ಮೊದಲನೇ ಕರಪತ್ರ. 90 ಅಡಿ ಉದ್ದ, 30 ಅಡಿ ಅಗಲದ ಜಾಗಕ್ಕೆ ಒಂದು ನಕ್ಷೆ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡೂವರೆ ಗುಂಟೆ. ಬೆಂಗಳೂರಿನ ಭಾಷೆಯಲ್ಲಿ ಹೇಳೋದಾದರೆ ಎರಡು ಮೂವತ್ತು-ನಲವತ್ತು ಸೈಟು, ಮೇಲೊಂದು ಕಾಲು. ಅದನ್ನು ಮೂರು ಪಾಲು ಮಾಡಿ, ಒಂದರಲ್ಲಿ ಬಟಾಣಿ, ಬೀನ್ಸ್, ಈರುಳ್ಳಿ, ಇನ್ನೊಂದರಲ್ಲಿ ಆಲೂಗೆಡ್ಡೆ ಮತ್ತು ಗೆಡ್ಡೆ ಜಾತಿ, ಮತ್ತೊಂದರಲ್ಲಿ ಕೋಸಿನ ಜಾತಿ. ಮುಂದಿನ ವರ್ಷ ಪಾಲುಗಳು ಅದಲುಬದಲು. ಬೀನ್ಸ್, ಬಟಾಣಿ ಬೇರಿನಲ್ಲಿ ಸಾರಜನಕ ಕೂಡಿಡುತ್ತವೆ, ಅದನ್ನು ಮುಂದೆ ಬರುವ ಕೋಸು ತಿನ್ನುತ್ತದೆ. ಕೋಸನ್ನು ಒಂದೇ ಕಡೆ ವರ್ಷವರ್ಷ ಹಾಕಿದರೆ ಬೇರು ಗಂಟುಕಟ್ಟುವ ರೋಗ ಮಣ್ಣಲ್ಲೇ ಕೂರುತ್ತದೆ.

ಆದರೆ ನಕ್ಷೆಯ ನಿಜವಾದ ಜಾಣತನ ಜಾಗದಲ್ಲಲ್ಲ, ತಿಂಗಳಲ್ಲಿ. ಹೊಸಬರು ತೋಟ ಮಾಡಿದರೆ ಬೇಸಿಗೆಯಲ್ಲಿ ಎಲ್ಲರ ಮನೆಯಲ್ಲೂ ಲೆಟಿಸ್ಸು, ಬೀನ್ಸು ರಾಶಿ, ಅಕ್ಕಪಕ್ಕದವರಿಗೆ ಕೊಟ್ಟರೂ ಬೇಡ ಅಂತಾರೆ. ಚಳಿಗಾಲ ಬಂದರೆ ಬುಟ್ಟಿ ಖಾಲಿ. ಅದಕ್ಕೇ ಇಲಾಖೆ ಹೇಳಿದ್ದು, ಮುಂದಿನ ಚಳಿಗಾಲಕ್ಕೆ ಈಗಲೇ ಯೋಚಿಸಿ ಅಂತ. ಹಿಮ ತಡೆಯುವ ಕೇಲ್, ಲೀಕ್, ಬ್ರಸೆಲ್ಸ್ ಸ್ಪ್ರೌಟ್ಸ್‌ಗಳಿಗೆ ನಕ್ಷೆಯಲ್ಲಿ ಒಳ್ಳೆ ಪಾಲು ಸಿಕ್ಕಿತು. ಬ್ಯಾಂಕಿನಲ್ಲಿ ನಾವಿದನ್ನು ಕ್ಯಾಶ್ ಫ್ಲೋ ಅನ್ನುತ್ತೇವೆ. ವರ್ಷದ ಒಟ್ಟು ಆದಾಯ ಎಷ್ಟಿದ್ದರೇನು, ಕಂತು ಕಟ್ಟುವ ತಿಂಗಳಲ್ಲಿ ಕೈಯಲ್ಲಿ ದುಡ್ಡಿಲ್ಲದಿದ್ದರೆ?

ಈರುಳ್ಳಿಯ ಪಾಡು ಕೇಳಿ. ಅದು ಹೆಚ್ಚಾಗಿ ಫ್ರಾನ್ಸಿನ ಬ್ರಿಟನಿ ಕಡೆಯಿಂದ, ಚಾನೆಲ್ ದ್ವೀಪಗಳಿಂದ ಬರುತ್ತಿತ್ತು. 1940ರ ಬೇಸಿಗೆಯಲ್ಲಿ ಎರಡೂ ಜರ್ಮನರ ಕೈಸೇರಿದವು. ಇಂಗ್ಲೆಂಡಿನಲ್ಲಿ ಈರುಳ್ಳಿ ಲಾಟರಿಯ ಬಹುಮಾನವಾಗುವಷ್ಟು ದುಬಾರಿಯಾಯಿತು! 1998ರಲ್ಲಿ ಈರುಳ್ಳಿ ಬೆಲೆ ದಿಲ್ಲಿಯ ಸರ್ಕಾರವನ್ನೇ ಉರುಳಿಸಿದ್ದನ್ನು ಕಂಡ ನಮಗೆ ಇದೇನು ಹೊಸದಲ್ಲ ಬಿಡಿ.

ಬೆಣ್ಣೆ, ಚಹಾ, ಸಕ್ಕರೆ, ಮಾಂಸ ಎಲ್ಲಕ್ಕೂ ರೇಷನ್ ಬಂತು. ಆದರೆ ಯುದ್ಧ ಮುಗಿಯುವವರೆಗೂ ತರಕಾರಿಗೆ, ಆಲೂಗೆಡ್ಡೆಗೆ ಬರಲಿಲ್ಲ. ಪೂರ್ತಿ ಶ್ರೇಯಸ್ಸು ಹಿತ್ತಲಿಗೇ ಕೊಡುವುದು ತಪ್ಪು, ಹೊಲಗಳ ಪಾಲು ಬಹಳ ದೊಡ್ಡದು. ಆದರೂ ಸಂಬಳದ ಮನೆಯ ಸಾರಿಗೆ ಒಂದು ಹಿಡಿ ಸೊಪ್ಪು ಖಾತ್ರಿಯಾಗಿದ್ದು ಸಣ್ಣ ಮಾತಲ್ಲ.

ಈಗ ಅದೇ ವರ್ಷಗಳಲ್ಲಿ ಅದೇ ಸಾಮ್ರಾಜ್ಯದ ಈ ಭಾಗಕ್ಕೆ ಬನ್ನಿ. ಇಲ್ಲೂ 1942ರಲ್ಲಿ 'ಹೆಚ್ಚು ಆಹಾರ ಬೆಳೆಯಿರಿ' ಚಳವಳಿ ಶುರುವಾಯಿತು. ಬರ್ಮಾ ಜಪಾನಿನ ಪಾಲಾಗಿ ಅಲ್ಲಿನ ಅಕ್ಕಿ ನಿಂತಿತ್ತು. ನಮ್ಮ ಈ ಮುಂಬಯಿಗೆ 1943ರ ಮೇ ತಿಂಗಳಲ್ಲಿ ರೇಷನ್ ಬಂತು, ನಗರ ಹೇಗೋ ಉಂಡಿತು. ಬಂಗಾಳ ಉಣ್ಣಲಿಲ್ಲ. ಶತ್ರುವಿನ ಕೈಗೆ ಸಿಗಬಾರದೆಂದು ಸರ್ಕಾರ 1942ರಲ್ಲೇ ಅಲ್ಲಿನ ಸಾವಿರಾರು ದೋಣಿಗಳನ್ನು ವಶಪಡಿಸಿಕೊಂಡಿತ್ತು ಇಲ್ಲವೇ ನಾಶಮಾಡಿತ್ತು. ಅಕ್ಟೋಬರಿನಲ್ಲಿ ಚಂಡಮಾರುತ ಬೇರೆ. ಅಕ್ಕಿಯ ಬೆಲೆ ಕೂಲಿಯವರ ಕೈಗೆಟುಕದೆ ಹೋಯಿತು. ಸತ್ತವರ ಸಂಖ್ಯೆ ಸುಮಾರು 30 ಲಕ್ಷ ಎಂಬುದು ಹೆಚ್ಚಾಗಿ ಒಪ್ಪಿರುವ ಅಂದಾಜು. ಅವರಲ್ಲಿ ಭೂಮಿಯಿಲ್ಲದ ಕೂಲಿಗಳು, ಮೀನುಗಾರರೇ ಹೆಚ್ಚು. ಬೆಳೆಯಿರಿ ಅಂತ ಅವರಿಗೆ ಹೇಳುವುದಾದರೂ ಎಲ್ಲಿ, ಯಾವ ನೆಲದಲ್ಲಿ?

ಒಂದು ಕಡೆ ಗುಮಾಸ್ತನಿಗೂ ಎರಡೂವರೆ ಗುಂಟೆ, ಮೇಲೊಂದು ನಕ್ಷೆ. ಇನ್ನೊಂದು ಕಡೆ ಬರೀ ಘೋಷಣೆ ಮತ್ತು ಟನ್ನುಗಳ ಗುರಿ. ಸ್ವಾತಂತ್ರ್ಯ ಬಂದ ಮೇಲೂ ಆ ಚಳವಳಿ ನಡೆದೇ ಇತ್ತು. ಕೊನೆಗೆ ವಿ. ಟಿ. ಕೃಷ್ಣಮಾಚಾರಿ ಅವರ ಸಮಿತಿ ಅದನ್ನು ಪರಿಶೀಲಿಸಿ 1952ರಲ್ಲಿ ವರದಿ ಕೊಟ್ಟಿತು. ಹಳ್ಳಿಯ ಬದುಕಿನ ಎಲ್ಲ ಅಂಗಗಳೂ ಒಂದಕ್ಕೊಂದು ಹೆಣೆದುಕೊಂಡಿವೆ, ಬೆಳೆಯೊಂದನ್ನೇ ಬಿಡಿಸಿ ಹೆಚ್ಚಿಸಲಾಗದು ಎಂಬುದು ಅದರ ತಿರುಳು. ಆ ಸಲಹೆಯ ಮೇಲೆ 1953ರಲ್ಲಿ ರಾಷ್ಟ್ರೀಯ ವಿಸ್ತರಣಾ ಸೇವೆ ಶುರುವಾಯಿತು, ಗ್ರಾಮಸೇವಕರು ಹಳ್ಳಿಗಳಿಗೆ ಬಂದರು.